ಅರ್ಧಬೆಲೆಯ ಎಂಜಿನ್

ಅಂಗಡಿಯವನು ಹೇಳಿದ ಬೆಲೆಯನ್ನು ಹಾಗೆಯೇ ತೆತ್ತು ಬರುವವರನ್ನು ಕಂಡರೆ ಅರ್ಧಬೆಲೆಯವರಿಗೆ ಮರುಕ. ದೇವರು ಬಾಯಿ ಕೊಟ್ಟಿದ್ದೂ ಮಾತು ಬಾರದ ಜನ ಎಂದು ನಿಟ್ಟುಸಿರು ಬಿಡುತ್ತಿದ್ದರು. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು, ಆದರೆ ಅದು ಸಂಬಳದ ದಿನ ಸಹಿ ಹಾಕುವುದಕ್ಕೆ ಮಾತ್ರ ಹೊರಗೆ ಬರುತ್ತಿತ್ತು. ಮಿಕ್ಕಂತೆ ಬೀದಿಯವರಿಗೆ, ನೆಂಟರಿಗೆ, ಅವರು ಲಾರಿ ತೂಗುವ ಕೆಲಸ ಮಾಡುವ ವೇಬ್ರಿಡ್ಜಿಗೆ ಬರುವ ಲಾರಿ ಡ್ರೈವರುಗಳಿಗೆ ಅವರು ಅರ್ಧಬೆಲೆಯವರೇ. ಯಾರೋ ಗೇಲಿಗೆಂದು ಇಟ್ಟ ಹೆಸರು ಅದು. ಅವರು ಅದನ್ನು ಸನ್ಮಾನವೆಂದು ತಿಳಿದು ಸ್ವೀಕರಿಸಿಬಿಟ್ಟಿದ್ದರು.

ಅವರ ಪದ್ಧತಿ ಸರಳವಾಗಿತ್ತು. ಬೆಲೆ ಕೇಳುವುದು, ನಗುವುದು, ಅರ್ಧ ಹೇಳುವುದು, ಹೊರಟುಬಿಡುವುದು. ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ "ಬನ್ನಿ ಸಾರ್" ಎಂಬ ಕೂಗು ಬರಲೇಬೇಕು. ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರವೂ ಇದನ್ನೇ ಮಾಡಿದ್ದರು. ಮರಗಟ್ಟಿಸುವ ಇಂಜೆಕ್ಷನ್ ಬೇಡವೆಂದರೆ ಅರ್ಧಕ್ಕೆ ಕಿತ್ತುಕೊಡುತ್ತೇನೆ ಎಂದು ಡಾಕ್ಟರು ತಮಾಷೆಗೆ ಅಂದರು. ಇವರು ಒಪ್ಪಿದರು. ಆ ಹಲ್ಲು ಕಿತ್ತು ಬಂದ ಸದ್ದು ಪಕ್ಕದ ಬೀದಿಗೂ ಕೇಳಿಸಿತಂತೆ. ಆದರೂ ಮನೆಗೆ ಬಂದು, ಊದಿದ ಕೆನ್ನೆಯಲ್ಲೇ, ಉಳಿತಾಯದ ಲೆಕ್ಕ ಒಪ್ಪಿಸಿದರು.

ಇಂಥವರ ಮನೆಗೆ ಮಾವ ಸಾಯುವುದಕ್ಕೆ ಬಂದರು. ಮಾತು ಒರಟಾಯಿತು, ಆದರೆ ವಿಷಯ ಅದೇ. ಹೆಂಡತಿಯ ತಂದೆ ರೈಲಿನ ಉಗಿ ಎಂಜಿನ್ ಓಡಿಸಿ ನಿವೃತ್ತರಾದವರು. ಆಸ್ಪತ್ರೆಯವರು ಅವರನ್ನು ಗುಣವಾಯಿತೆಂದು ಕಳಿಸಿರಲಿಲ್ಲ, ಇನ್ನು ಮಾಡುವುದೇನೂ ಇಲ್ಲವೆಂದು ಕಳಿಸಿದ್ದರು. ಮಗಳು ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿಸಿದಳು. ಮುದುಕರಿಗೆ ಊಟದ ಮೇಲೆ ಆಸೆ ಹೋಗಿತ್ತು, ಮಾತಿನ ಮೇಲೂ ಹೋಗಿತ್ತು. ಉಳಿದದ್ದು ಒಂದೇ ಆಸೆ.

ನಿವೃತ್ತಿಯ ನಂತರ ಅವರು ಮಾಡೆಲ್ ಕಿಟ್ ಜೋಡಿಸುವ ಹುಚ್ಚು ಹಚ್ಚಿಕೊಂಡಿದ್ದರು. ಅಸಲಿ ಹಡಗು, ವಿಮಾನಗಳ ಅಳತೆಯನ್ನು ಕುಗ್ಗಿಸಿ, ಬಿಡಿಭಾಗಗಳನ್ನು ಡಬ್ಬದಲ್ಲಿ ತುಂಬಿ ಮಾರುತ್ತಾರಲ್ಲ, ಅದು. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ನಾವೇ ನಿಲ್ಲಿಸಬೇಕು. ಕಪಾಟಿನ ತುಂಬ ಹಡಗುಗಳನ್ನು ನಿಲ್ಲಿಸಿದ್ದರು. ತಾವು ಓಡಿಸಿದ ಎಂಜಿನ್ ಒಂದನ್ನು ಮಾತ್ರ ಕೊನೆಗೆ ಮಾಡೋಣವೆಂದು ಬಿಟ್ಟಿದ್ದರು. ಆ ಕೊನೆ ಈಗ ಬಂದಿತ್ತು. ಕಿಟ್ ಮಾಡುತ್ತಿದ್ದ ಕಂಪನಿ ಮುಚ್ಚಿಹೋಗಿತ್ತು, ಊರಿನಲ್ಲಿ ಒಂದೇ ಒಂದು ಡಬ್ಬ, ಒಂದೇ ಹಾಬಿ ಅಂಗಡಿಯಲ್ಲಿ ಉಳಿದಿತ್ತು.

ಹೆಂಡತಿ ತನ್ನ ಪೆಟ್ಟಿಗೆಯಿಂದ ನೋಟುಗಳನ್ನು ತೆಗೆದು ಗಂಡನ ಕೈಗೆ ಇಟ್ಟಳು. "ರೀ, ಅಪ್ಪನ ಕೈ ಇನ್ನೂ ಆಡ್ತಾ ಇದೆ. ಅಂಗಡಿಯವನು ಎಷ್ಟು ಹೇಳ್ತಾನೋ ಅಷ್ಟು ಕೊಟ್ಟು ಇವತ್ತೇ ತಂದುಬಿಡಿ" ಎಂದಳು.

ಎಷ್ಟು ಹೇಳುತ್ತಾನೋ ಅಷ್ಟು! ಈಜುಗಾರನಿಗೆ ಸೇತುವೆ ಮೇಲೆ ನಡೆದು ಬಾ ಎಂದ ಹಾಗಾಯಿತು. ಅರ್ಧಬೆಲೆಯವರು ನೋಟುಗಳನ್ನು ಮಡಚಿ ಒಳಜೇಬಿಗೆ ಹಾಕಿಕೊಂಡರು. ಅರ್ಧವನ್ನು ವಾಪಸು ತಂದುಕೊಟ್ಟಾಗ ಅವಳ ಮುಖ ಹೇಗಿರುತ್ತದೆ ಎಂದು ದಾರಿಯುದ್ದಕ್ಕೂ ಊಹಿಸಿಕೊಂಡು ನಡೆದರು.

ಹಾಬಿ ಅಂಗಡಿ ಒಂದು ಉದ್ದನೆಯ ಕತ್ತಲೆ ಕೋಣೆ. ನೆಲದಿಂದ ಸೂರಿನವರೆಗೆ ಡಬ್ಬಗಳು, ಅಂಟಿನ ವಾಸನೆ. ಹಣೆಗೆ ಭೂತಗನ್ನಡಿ ಕಟ್ಟಿಕೊಂಡ ಅಂಗಡಿಯವನು ಹೆಬ್ಬೆರಳಿನಷ್ಟು ದೊಡ್ಡ ಸಿಪಾಯಿಯ ಮೀಸೆಗೆ ಬಣ್ಣ ಹಚ್ಚುತ್ತಿದ್ದ. ಮೀಸೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಡಬ್ಬ ತಂದು ಮೇಜಿನ ಮೇಲಿಟ್ಟು ಬೆಲೆ ಹೇಳಿದ.

ಅರ್ಧಬೆಲೆಯವರು ನಕ್ಕರು. ಡಬ್ಬದ ಮೇಲೆ ಮೂವತ್ತೆರಡಕ್ಕೆ ಒಂದು ಎಂದು ಅಳತೆ ಬರೆದಿತ್ತು. ಅದರ ಮೇಲೆ ಬೆರಳಿಟ್ಟು, ಅಸಲಿಯ ಮೂವತ್ತೆರಡರಲ್ಲಿ ಒಂದು ಪಾಲು ಸಾಮಾನಿಗೆ ಇಷ್ಟು ಬೆಲೆ ಯಾವ ನ್ಯಾಯ, ಸಾಮಾನು ಕುಗ್ಗಿದ ಹಾಗೆ ಬೆಲೆಯೂ ಕುಗ್ಗಬೇಡವೇ ಎಂದು ವಾದ ಹೂಡಿದರು.

"ಒಪ್ಪಿದೆ ಸಾರ್. ಅಸಲಿ ಎಂಜಿನ್ನಿನ ಬೆಲೆ ವಿಚಾರಿಸಿ, ಮೂವತ್ತೆರಡರಿಂದ ಭಾಗಿಸಿ ಕೊಡಿ" ಎಂದ ಅಂಗಡಿಯವನು.

ಹಾಗೆ ಭಾಗಿಸಿದರೂ ಮನೆ ಮಾರಬೇಕಾಗುತ್ತದೆಂದು ಹೊಳೆದು ಅರ್ಧಬೆಲೆಯವರು ಆ ದಾರಿ ಬಿಟ್ಟರು. ಈಗ ಅವರು ತಮ್ಮ ವಿದ್ಯೆಯ ಮುಖ್ಯ ಸೂತ್ರ ಪ್ರಯೋಗಿಸಿದರು. ಬೇಕು ಎನ್ನುವುದು ಮುಖದಲ್ಲಿ ಕಂಡರೆ ಬೆಲೆ ಇಳಿಯುವುದಿಲ್ಲ. ಆದ್ದರಿಂದ ಮಂಚ ಹಿಡಿದ ಮಾವನ ಸುದ್ದಿ ಎತ್ತಲೇ ಇಲ್ಲ. ಆಕಳಿಸಿ, "ನಮ್ಮನೇಲಿ ಒಂದು ಮಗು ಇದೆ. ಕೈಗೆ ಸಿಕ್ಕಿದ್ದು ಬಾಯಿಗೆ ಹಾಕುತ್ತೆ, ಇಲ್ಲಾಂದ್ರೆ ಒಡೆದುಹಾಕುತ್ತೆ. ಅದಕ್ಕೆ ಯಾವುದಾದ್ರೇನು? ಅರ್ಧಕ್ಕೆ ಕೊಟ್ರೆ ತಗೋತೀನಿ" ಎಂದರು. ಮನೆಯಲ್ಲಿ ಮಗು ಇರಲಿಲ್ಲ. ಅವರ ಮಕ್ಕಳು ದೊಡ್ಡವರಾಗಿ, ಮನೆ ಬಿಟ್ಟು, ಬೇರೆ ಬೇರೆ ಕಡೆ ಪೂರ್ತಿ ಬೆಲೆ ಕೊಟ್ಟು ಬದುಕುತ್ತಿದ್ದರು.

ಅಂಗಡಿಯವನ ಮುಖ ಕಪ್ಪಿಟ್ಟಿತು. ಇದು ಒಡೆಯುವ ಸಾಮಾನಲ್ಲ ಎಂದಷ್ಟೇ ಹೇಳಿ ಡಬ್ಬ ಎತ್ತಿಟ್ಟ. ಅರ್ಧಬೆಲೆಯವರು ಹೊರಟರು. ಮೆಟ್ಟಿಲು ಇಳಿದರು. ಕೂಗು ಬರಲಿಲ್ಲ. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದವರ ಹಾಗೆ ಬಗ್ಗಿ ಕಾದರು. ಆಗಲೂ ಬರಲಿಲ್ಲ. ಬೀದಿಯ ತಿರುವಿನವರೆಗೂ ಕಿವಿಯನ್ನು ಹಿಂದೆ ಬಿಟ್ಟುಕೊಂಡೇ ನಡೆದರು.

ಮನೆಯಲ್ಲಿ ಮುದುಕರು ಮಂಚದ ಮೇಲೆ ಒರಗಿ ಕೂತಿದ್ದರು. ಎದುರಿನ ಹಲಗೆಯ ಮೇಲೆ ಚಿಮುಟ, ಚಾಕು, ಉಪ್ಪುಕಾಗದ, ಅಂಟು ಎಲ್ಲವನ್ನೂ ಮಗಳು ಸಾಲಾಗಿ ಇಟ್ಟಿದ್ದಳು. ಬರಿಗೈಯಲ್ಲಿ ಬಂದ ಅಳಿಯನನ್ನು ಕಂಡು ಮುದುಕರು, "ಗಾಡಿ ಎಷ್ಟು ಲೇಟು ಅಳಿಯಂದಿರೇ?" ಎಂದು ಕೇಳಿದರು.

"ಔಟರ್‌ನಲ್ಲಿ ನಿಂತಿದೆ ಮಾವ. ಸಿಗ್ನಲ್ ಕೊಟ್ಟ ತಕ್ಷಣ ಬರುತ್ತೆ" ಎಂದರು ಅರ್ಧಬೆಲೆಯವರು.

ಜೀವಮಾನವೆಲ್ಲ ನಿಲ್ದಾಣದ ಹೊರಗಿನ ಔಟರ್ ಸಿಗ್ನಲ್ಲಿನಲ್ಲಿ ಕಾದವರಿಗೆ ಇದು ಸಹಜವಾಗಿಯೇ ಕಂಡಿತು. ಮುದುಕರು ತಲೆಯಾಡಿಸಿ ಕಣ್ಣು ಮುಚ್ಚಿದರು. ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಅವರು ಆ ನೋಟವನ್ನು ತಪ್ಪಿಸಿಕೊಂಡು ಸ್ನಾನಕ್ಕೆ ಹೋದರು.

ಇನ್ನು ಸೈನ್ಯ ಕಟ್ಟುವುದು ಅನಿವಾರ್ಯವಾಯಿತು. ಬೇರೆ ಬೇರೆಯವರು ಹೋಗಿ ಅರ್ಧಕ್ಕಿಂತ ಕಡಿಮೆಗೆ ಕೇಳಿ ಬಂದರೆ, ಅಂಗಡಿಯವನಿಗೆ ಅರ್ಧವೇ ದೊಡ್ಡದಾಗಿ ಕಾಣುತ್ತದೆ ಎಂಬುದು ಯೋಜನೆ. ಮೊದಲು ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರನ್ನು ಕಳಿಸಿದರು. ಮೇಷ್ಟ್ರು ಸಭ್ಯರು. ಕಾಲುಬೆಲೆಗೆ ಕೇಳಿ, ಮೂಗು ಮುರಿದು ಬರಬೇಕೆಂದು ಪಾಠ ಹೇಳಿಸಿಕೊಂಡು ಹೋದರು. ಆದರೆ ಡಬ್ಬದ ಮೇಲಿನ ಚಿತ್ರ ನೋಡಿದ್ದೇ ತಡ, ಪಾಠ ಮರೆತರು. ಹೊಗೆಯ ನೆರಳು ಎಷ್ಟು ಚೆನ್ನಾಗಿ ಬಂದಿದೆ, ಇಂಥ ವಸ್ತು ಇನ್ನೆಲ್ಲಿ ಸಿಕ್ಕೀತು ಎಂದು ಮನಸಾರೆ ಹೊಗಳಿ, ತಮಗೆಂದು ಎರಡು ಕುಂಚ ಕೊಂಡು, ಅವಕ್ಕೆ ಪೂರ್ತಿ ಬೆಲೆ ಕೊಟ್ಟು ಬಂದರು.

ಆಮೇಲೆ ಭಾವಮೈದುನ ಹೋದ. ಅವನು ವಿಮಾ ಏಜೆಂಟ್, ಮಾತಿನಲ್ಲಿ ಎತ್ತಿದ ಕೈ. ಮುದುಕರ ಮಗನೇ ಆದ್ದರಿಂದ ಅವನಿಗೂ ಈ ಕೆಲಸ ಬೇಗ ಮುಗಿಯಬೇಕಿತ್ತು. ಆದರೆ ಭಾವ ಹೇಳಿದ ಹಾಗೆ ಅಪ್ಪನ ವಿಷಯ ಎತ್ತದೆ ಮಾತು ಬೆಳೆಸಲು ಹೋಗಿ, ಅಭ್ಯಾಸಬಲದಿಂದ ಅಂಗಡಿಗೆ ಬೆಂಕಿ ಬಿದ್ದರೆ ಏನು ಗತಿ ಎಂದು ಶುರುಮಾಡಿದ. ಕೊನೆಗೆ ಎಂಜಿನ್ನಿನಂಥ ಅಪರೂಪದ ಸರಕನ್ನು ಬೇರೆಯಾಗಿಯೇ ವಿಮೆ ಮಾಡಿಸಬೇಕೆಂದು ಸಲಹೆ ಕೊಟ್ಟು ಬಂದ.

ಮೂರನೆಯವನು ವೇಬ್ರಿಡ್ಜಿಗೆ ಬರುವ ಒಬ್ಬ ಲಾರಿ ಡ್ರೈವರು, ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕಾದಷ್ಟು ದೊಡ್ಡ ಆಳು. ಹೆದರಿಸಿ ಬರಲೆಂದು ಅವನನ್ನು ಕಳಿಸಿದ್ದು. ಬೇರೆ ಅಂಗಡಿಯಲ್ಲಿ ಇದೇ ಸಾಮಾನು ಕಾಲುಬೆಲೆಗೆ ಸಿಗುತ್ತದೆ ಎಂದು ಅವನು ಗುಡುಗಿದ. ಹಾಗಾದರೆ ಅಲ್ಲೇ ತಗೊಳ್ಳಿ ಎಂದ ಅಂಗಡಿಯವನು. ಡ್ರೈವರು ಸ್ವಲ್ಪ ಹೊತ್ತು ಯೋಚಿಸಿ, ಅದೂ ಸರಿಯೇ ಎಂದು ಹೊರಟುಬಂದು, ಬೇರೆ ಅಂಗಡಿ ಎಲ್ಲಿದೆ ಎಂದು ಅರ್ಧಬೆಲೆಯವರನ್ನೇ ಕೇಳಿದ.

ಇಷ್ಟು ಜನ ಎಡತಾಕಿದ ಮೇಲೆ ಅಂಗಡಿಯವನು ತನ್ನದೇ ತೀರ್ಮಾನಕ್ಕೆ ಬಂದ. ವರ್ಷಗಟ್ಟಲೆ ಯಾರೂ ಕಣ್ಣೆತ್ತಿ ನೋಡದ ಎಂಜಿನ್ನಿಗೆ ಹಠಾತ್ತನೆ ಇಷ್ಟು ಗಿರಾಕಿ! ಡಬ್ಬದ ಧೂಳು ಒರೆಸಿ, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೆಲೆ ಏರಿಸಿದ.

ಅರ್ಧಬೆಲೆಯವರು ಮತ್ತೆ ಹೋದಾಗ ಕಂಡದ್ದು ಈ ದೃಶ್ಯ. ಏರಿಸಿದ ಬೆಲೆಯ ಅರ್ಧ ಎಂದರೆ ಹೆಚ್ಚುಕಡಿಮೆ ಹಳೆಯ ಬೆಲೆಯೇ ಆಯಿತು. ಈಗ ಹಳೆಯ ಬೆಲೆಯ ಅರ್ಧಕ್ಕಾಗಿ ಹೋರಾಡಬೇಕು. ದಿನ ಬಿಟ್ಟು ದಿನ ಹೋದರು. ನಕ್ಕರು, ಆಕಳಿಸಿದರು, ಹೊರಟರು, ಚಪ್ಪಲಿಯ ಕಲ್ಲು ತೆಗೆದರು. ಒಡೆಯುವ ಮಗುವಿನ ಕಥೆಗೆ ಕೈಕಾಲು ಮೂಡಿತು. ಅದಕ್ಕೆ ಹಲ್ಲು ಬರುತ್ತಿತ್ತು, ಅದು ಈಚೆಗೆ ಒಂದು ಗುಂಡಿ ನುಂಗಿತ್ತು. ಮನೆಯಲ್ಲಿ ಗಾಡಿ ಔಟರಿನಲ್ಲೇ ನಿಂತಿತ್ತು. ಮುದುಕರ ಕೈ ನಡುಗಲು ಶುರುವಾಗಿತ್ತು. ಹಲಗೆಯ ಮೇಲಿನ ಅಂಟು ಗಟ್ಟಿಯಾಗಿ, ಹೆಂಡತಿ ಹೊಸದು ತರಿಸಿದಳು. ಅದನ್ನು ಭಾವಮೈದುನ ಅಂಗಡಿಯಲ್ಲಿ ಹೇಳಿದ ಬೆಲೆಗೇ ತಂದನೆಂದು ಕೇಳಿ ಅರ್ಧಬೆಲೆಯವರು ಊಟ ಬಿಟ್ಟರು.

ಕೊನೆಗೆ ಒಂದು ಸಂಜೆ ಅಂಗಡಿಯವನು ಹಣೆಯ ಭೂತಗನ್ನಡಿ ಬಿಚ್ಚಿ ಕೆಳಗಿಟ್ಟ. ಅವನಿಗೆ ಸಾಕಾಗಿತ್ತು.

"ಆಯ್ತು ಸಾರ್. ಮೊದಲು ಹೇಳಿದ ಬೆಲೇಲಿ ಅರ್ಧ ಕೊಡಿ, ಅರ್ಧ ಕೊಡ್ತೀನಿ" ಎಂದ.

ನಮ್ಮ ಭಾಷೆಯಲ್ಲಿ ಅರ್ಧ ಕೊಡುವುದೇ ಬೇರೆ, ಅರ್ಧಕ್ಕೆ ಕೊಡುವುದೇ ಬೇರೆ. ನಡುವೆ ಇರುವುದು ಒಂದು ಸಣ್ಣ ಒತ್ತಕ್ಷರ. ಗೆದ್ದ ಖುಷಿಯಲ್ಲಿದ್ದ ಅರ್ಧಬೆಲೆಯವರ ಕಿವಿ ಇಲ್ಲದ ಒತ್ತನ್ನು ತಾನೇ ಸೇರಿಸಿಕೊಂಡಿತು. ಅಂಗಡಿಯವನು ಡಬ್ಬವನ್ನು ಒಳಗೆ ಒಯ್ದು, ಸ್ವಲ್ಪ ಹೊತ್ತು ಏನೋ ಸರಬರ ಮಾಡಿ, ಹಗ್ಗ ಕಟ್ಟಿ ತಂದು ಕೊಟ್ಟ. ಮಗು ನುಂಗುವಂಥದ್ದು ಇನ್ನು ಇದರಲ್ಲಿ ಏನೂ ಇಲ್ಲ, ಧೈರ್ಯವಾಗಿ ಕೊಡಿ ಎಂದೂ ಹೇಳಿದ. ಸೋತವನ ಸೌಜನ್ಯವೆಂದು ಅರ್ಧಬೆಲೆಯವರು ದೊಡ್ಡ ಮನಸ್ಸಿನಿಂದ ತಲೆಯಾಡಿಸಿದರು.

ಬೀದಿಯಲ್ಲಿ ಅವರ ನಡಿಗೆಯೇ ಬದಲಾಗಿತ್ತು. ಮೇಷ್ಟ್ರ ಮನೆಯ ಮುಂದೆ ಬೇಕೆಂದೇ ನಿಂತು, ಡಬ್ಬ ತೋರಿಸಿ, ಬೆಲೆ ಹೇಳಿದರು. ಮೇಷ್ಟ್ರು ಕೈಮುಗಿದರು. ಮನೆಗೆ ಬಂದು, ಗಾಡಿ ಪ್ಲಾಟ್‌ಫಾರ್ಮಿಗೆ ಬಂತು ಮಾವ ಎಂದು ಡಬ್ಬವನ್ನು ಹಲಗೆಯ ಮೇಲಿಟ್ಟು, ಉಳಿದ ನೋಟುಗಳನ್ನು ಎಲ್ಲರಿಗೂ ಕಾಣುವ ಹಾಗೆ ಹೆಂಡತಿಗೆ ಕೊಟ್ಟರು. ಅವಳ ಮುಖ ಅವರು ಊಹಿಸಿದ ಹಾಗೇನೂ ಅರಳಲಿಲ್ಲ. ಅವಳು ಅಪ್ಪನ ಕೈಯನ್ನೇ ನೋಡುತ್ತಿದ್ದಳು.

ಮುದುಕರು ಮೆಲ್ಲಗೆ ಹಗ್ಗ ಬಿಚ್ಚಿದರು. ಬಾಯ್ಲರ್ ಬಂತು. ಚಿಮಣಿ ಬಂತು. ಡ್ರೈವರು ನಿಲ್ಲುವ ಗೂಡು ಬಂತು. ಅದರೊಳಗಿನ ಹಿಡಿಕೆಗಳು ಬಂದಾಗ ಮುದುಕರು ಅವುಗಳನ್ನು ಬೆರಳಲ್ಲಿ ಮುಟ್ಟಿ ನಕ್ಕರು. ಆಮೇಲೆ ಡಬ್ಬವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರು. ಏನೂ ಬೀಳಲಿಲ್ಲ.

"ಚಕ್ರ ಇಲ್ಲ" ಎಂದರು.

ಎಷ್ಟು ಕೊಟ್ಟಿರಿ ಎಂದು ಮುದುಕರು ಕೇಳಿದರು. ಅರ್ಧ ಎಂದರು ಅಳಿಯ.

"ಹಾಗಾದ್ರೆ ಸರಿಯಾಗೇ ಕೊಟ್ಟಿದಾನೆ" ಎಂದರು ಮುದುಕರು, ಕೋಪವಿಲ್ಲದೆ.

ಹೆಂಡತಿಗೆ ಮಾತ್ರ ಕೋಪ ಬಂದಿತ್ತು. ದಿನಬೆಳಗಾದರೆ ಲಾರಿ ತೂಗುವ ಮನುಷ್ಯ, ತುಂಬಿದ್ದು ಎಷ್ಟು, ಖಾಲಿ ಎಷ್ಟು ಎಂದು ಹೇಳುವುದಕ್ಕೇ ಸಂಬಳ ತರುವ ಮನುಷ್ಯ, ಕಂಕುಳಲ್ಲಿ ಹೊತ್ತು ತಂದ ಡಬ್ಬ ಹಗುರ ಎಂದು ಗೊತ್ತಾಗಲಿಲ್ಲವೇ ಎಂದು ಅವಳು ಅಡುಗೆಮನೆಯಿಂದಲೇ ಕೇಳಿದಳು. ಅರ್ಧಬೆಲೆಯವರು ಅವಳಿಗೆ ಕೊಟ್ಟ ನೋಟುಗಳನ್ನು ಮತ್ತೆ ಒಳಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು.

ಅಂಗಡಿಯವನು ತಪ್ಪೊಪ್ಪಿಕೊಳ್ಳುವ ಬದಲು ಆಶ್ಚರ್ಯಪಟ್ಟ. ಅರ್ಧ ಕೊಡುತ್ತೇನೆ ಎಂದಿದ್ದೆ, ಕೊಟ್ಟೆ. ಒಡೆಯುವ ಮಗುವಿಗೆ ಬಾಯ್ಲರ್ ಸಾಲದೇ? ಚಕ್ರ, ಸರಳು, ಮೊಳೆ ಎಲ್ಲ ನುಂಗುವ ಸಾಮಾನು, ಅದಕ್ಕೇ ಬೇರೆ ತೆಗೆದಿಟ್ಟೆ. ಬೇಕಿದ್ದರೆ ಇನ್ನರ್ಧ ಬೆಲೆ ಕೊಟ್ಟು ಒಯ್ಯಿರಿ ಎಂದ. ಇದಕ್ಕಿಂತ ನ್ಯಾಯವಾದ ಮಾತು ಆ ಬೀದಿಯಲ್ಲಿ ಯಾರೂ ಆಡಿರಲಿಲ್ಲ. ಅರ್ಧಬೆಲೆಯವರು ಸುಮ್ಮನೆ ಹಣ ಕೊಟ್ಟು ಬಂದಿದ್ದರೆ ಈ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು.

ಆದರೆ ಅವರು ಮೋಸಹೋಗಿದ್ದರು, ಅಥವಾ ಹಾಗೆಂದು ತಿಳಿದಿದ್ದರು. ಮೋಸಹೋದವನು ಪೂರ್ತಿ ಕೊಟ್ಟರೆ ಮರ್ಯಾದೆ ಎಲ್ಲಿ ಉಳಿಯಿತು? ಬಾಯ್ಲರ್ ಇಲ್ಲದ ಚಕ್ರಗಳನ್ನು ಬೇರೆ ಯಾರು ಕೊಳ್ಳುತ್ತಾರೆ, ಅರ್ಧದಲ್ಲಿ ಅರ್ಧಕ್ಕೆ ಕೊಡು ಎಂದು ಹೇಳಿ, ಹೊರಟು, ಮೆಟ್ಟಿಲು ಇಳಿದರು.

ಇತ್ತ ಮುದುಕರು ಕಾಯಲಿಲ್ಲ. ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಜೋಡಿಸಲು ಕೂತರು. ಅಂಟು ಆರುವವರೆಗೆ ಮಗಳು ಹಿಡಿದುಕೊಳ್ಳುತ್ತಿದ್ದಳು. ಮೇಷ್ಟ್ರು ತಮ್ಮ ಹೊಸ ಕುಂಚಗಳನ್ನು ತಂದು ಕಪ್ಪು ಬಣ್ಣ ಬಳಿದುಕೊಟ್ಟರು. ಎಂಜಿನ್ ಎದ್ದು ನಿಂತಾಗ ಅದರ ಹೊಟ್ಟೆಯ ಕೆಳಗೆ ಎರಡು ಬೆಂಕಿಪೊಟ್ಟಣ ಇಡಬೇಕಾಯಿತು. ವರ್ಕ್‌ಶಾಪಿನಲ್ಲಿ ಚಕ್ರ ಬಿಚ್ಚಿದ ಗಾಡಿಯನ್ನು ಹೀಗೇ ದಿಮ್ಮಿಗಳ ಮೇಲೆ ನಿಲ್ಲಿಸುತ್ತಾರೆಂದು ಮುದುಕರು ಮೇಷ್ಟ್ರಿಗೆ ವಿವರಿಸಿದರು. ಸಂಜೆ ಅಳಿಯ ಬಂದಾಗ ಮಾತ್ರ ಒಮ್ಮೆ ಅವರ ಕೈಯ ಕಡೆ ನೋಡುತ್ತಿದ್ದರು. ಅಳಿಯ ಔಟರಿನ ಮಾತು ಬಿಟ್ಟಿದ್ದರು. ಆ ನೋಟ ಅವರಿಗೆ ಬೈಗುಳಕ್ಕಿಂತ ನೋವು ಕೊಡುತ್ತಿತ್ತು. ಆದರೂ ಮಾರನೆಯ ದಿನ ಹೋಗಿ ಕಾಲುಬೆಲೆಯನ್ನೇ ಹೇಳಿ ಬರುತ್ತಿದ್ದರು.

ಒಂದು ಮಧ್ಯಾಹ್ನ ಹೆಂಡತಿ ವೇಬ್ರಿಡ್ಜಿಗೇ ಬಂದಳು. ತೂಕದ ತಟ್ಟೆಯ ಮೇಲೆ ಲಾರಿ ನಿಂತಿತ್ತು, ಹಿಂದೆ ಸಾಲು ನಿಂತಿತ್ತು. ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

"ಅಪ್ಪನಿಗೆ ಉಸಿರು ಅರ್ಧಕ್ಕೆ ನಿಲ್ತಾ ಇದೆ. ಡಾಕ್ಟ್ರು ಇವತ್ತೇ ಅಂದ್ರು. ಹೋಗಿ, ಅವರ ಹತ್ರಾನೂ ಚೌಕಾಸಿ ಮಾಡಿ. ನಾಳೆ ಅನ್ನಿ. ನಿಮ್ಮ ಮಾತು ಯಾರು ಮೀರ್ತಾರೆ?" ಎಂದಳು. ಅವಳು ಅಳುತ್ತಿರಲಿಲ್ಲ.

ಅರ್ಧಬೆಲೆಯವರು ಲಾರಿಯನ್ನು ತಟ್ಟೆಯ ಮೇಲೆಯೇ ಬಿಟ್ಟು ಓಡಿದರು. ಏದುಸಿರು ಬಿಡುತ್ತ ಹಾಬಿ ಅಂಗಡಿಯ ಮೆಟ್ಟಿಲು ಹತ್ತಿ, ಒಳಜೇಬಿನಲ್ಲಿದ್ದ ನೋಟುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಚಕ್ರ ಕೊಡಿ, ಮಗು ಸುಳ್ಳು, ಮನೆಯಲ್ಲಿ ಮಾವ ಸಾಯುತ್ತಿದ್ದಾರೆ, ಅವರು ಇದೇ ಎಂಜಿನ್ ಓಡಿಸಿದವರು ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ಅಂಗಡಿಯವನು ಕುಂಚ ಕೆಳಗಿಟ್ಟು ಮೆಚ್ಚುಗೆಯಿಂದ ನೋಡಿದ. "ಇದು ಎಲ್ಲಕ್ಕಿಂತ ಚೆನ್ನಾಗಿದೆ ಸಾರ್. ಮೊದಲು ಹಲ್ಲು ಬರೋ ಮಗು, ಈಗ ಸಾಯೋ ಮಾವ. ಈಗ ಎಷ್ಟಕ್ಕೆ ಕೇಳ್ತೀರಿ?"

"ನೀವು ಹೇಳಿದಷ್ಟು" ಎಂದರು ಅರ್ಧಬೆಲೆಯವರು.

ಅಷ್ಟು ಹೊತ್ತು ನಗುತ್ತಿದ್ದ ಅಂಗಡಿಯವನಿಗೆ ಈಗ ನಿಜವಾಗಿ ಅನುಮಾನ ಬಂತು. ಈ ಮನುಷ್ಯ, ಹೇಳಿದಷ್ಟು ಕೊಡುವುದೇ? ಹಣೆಗೆ ಭೂತಗನ್ನಡಿ ಏರಿಸಿ ಒಂದೊಂದೇ ನೋಟನ್ನು ದೀಪಕ್ಕೆ ಹಿಡಿದು ನೋಡಿದ. ಉಗುರಿನಿಂದ ಕೆರೆದ. ಒಂದು ನೋಟಿನ ಬಣ್ಣ ಸರಿಯಿಲ್ಲವೆನಿಸಿ ಪಕ್ಕದ ಔಷಧಿ ಅಂಗಡಿಗೆ ಒಯ್ದು ತೋರಿಸಿ ಬಂದ. ಸೇರಬೇಕಾದ ಅರ್ಧವನ್ನು ಎಣಿಸಿಕೊಂಡು ಮಿಕ್ಕದ್ದನ್ನು ಹಿಂದಕ್ಕೆ ತಳ್ಳಿದ. ಅರ್ಧಬೆಲೆಯವರು ಮೇಜು ಹಿಡಿದು ನಿಂತೇ ಇದ್ದರು. ಎಲ್ಲ ನೋಟೂ ಅಸಲಿ ಎಂದು ಗೊತ್ತಾದ ಮೇಲೆ ಅಂಗಡಿಯವನು ಅವರ ಮುಖವನ್ನು ಸರಿಯಾಗಿ ನೋಡಿದ. ಭೂತಗನ್ನಡಿ ಬಿಚ್ಚಿದ.

"ಮೊದಲೇ ಹೇಳಬಾರದಿತ್ತಾ ಸಾರ್? ನಾನೇ ಮನೆಗೆ ತಂದುಕೊಡ್ತಿದ್ದೆ" ಎಂದ, ಮತ್ತು ಚಕ್ರಗಳ ಪೊಟ್ಟಣವನ್ನು ಎರಡೂ ಕೈಯಲ್ಲಿ ಕೊಟ್ಟ.

ಮನೆಯ ಮುಂದೆ ಚಪ್ಪಲಿಗಳು ತುಂಬಿದ್ದವು. ಒಳಗೆ ಹಲಗೆಯ ಮೇಲೆ ಎಂಜಿನ್ ಬೆಂಕಿಪೊಟ್ಟಣಗಳ ಮೇಲೆ ನಿಂತಿತ್ತು. ಮುದುಕರ ಬೆರಳುಗಳಲ್ಲಿ ಕಪ್ಪು ಬಣ್ಣ ಇನ್ನೂ ಅಂಟಿಕೊಂಡಿತ್ತು. ಮೇಷ್ಟ್ರು ಒಂದು ಬಟ್ಟೆಯಿಂದ ಅದನ್ನು ಒರೆಸಲು ಹೋದರೆ, ಇರಲಿ ಬಿಡಿ ಎಂದು ಮಗಳು ತಡೆದಳು. ಅರ್ಧಬೆಲೆಯವರು ಪೊಟ್ಟಣವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಅಂಗಿಯ ಜೇಬಿಗೆ ಹಾಕಿಕೊಂಡರು.

ಭಾವಮೈದುನ ಶವದ ವ್ಯಾನಿಗೆ ಹೇಳಿಕಳಿಸಿದ್ದ. ವ್ಯಾನು ಬಂತು. ಬಾಡಿಗೆಯ ಮಾತು ಬಂದಾಗ ನೆರೆದ ನೆಂಟರೆಲ್ಲ ಅಭ್ಯಾಸದಂತೆ ದಾರಿ ಬಿಟ್ಟು ಸರಿದರು. "ಭಾವ, ನೀವೇ ಮಾತಾಡಿ" ಎಂದ ಭಾವಮೈದುನ, ತಗ್ಗಿದ ದನಿಯಲ್ಲಿ. ಅವರು ಬಾಯಿ ತೆರೆಯುವ ಮೊದಲೇ ವ್ಯಾನಿನ ಡ್ರೈವರು ಕೈಮುಗಿದ. ಯಾವುದೋ ಲಾರಿಯವನಿಂದ ಅವನೂ ಇವರ ಕೀರ್ತಿ ಕೇಳಿದ್ದ.

"ನೀವು ಯಾರು ಅಂತ ಗೊತ್ತು ಸಾರ್. ಸಾವಿನ ಮನೇಲಿ ಎಳೆದಾಟ ಬೇಡ. ಅರ್ಧ ಕೊಡಿ ಸಾಕು."

ಜೀವಮಾನದಲ್ಲಿ ಮೊದಲ ಸಲ, ಕೇಳದೆ, ನಗದೆ, ಮೆಟ್ಟಿಲು ಇಳಿಯದೆ, ಅರ್ಧ ತಾನಾಗಿ ಬಂದಿತ್ತು. ಅರ್ಧಬೆಲೆಯವರು ಡ್ರೈವರನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅರ್ಧ ಬೇಡಪ್ಪ. ಪೂರ್ತಿ ತಗೋ. ಅವರನ್ನ ಪೂರ್ತಿ ಕರ್ಕೊಂಡು ಹೋಗು. ದಾರೀಲಿ ಎಲ್ಲೂ ಇಳಿಸಬೇಡ."

ದಾರಿಯಲ್ಲಿ ತಾನೇಕೆ ಇಳಿಸುತ್ತೇನೆಂದು ಡ್ರೈವರನಿಗೆ ಅರ್ಥವಾಗಲಿಲ್ಲ. ಅವನು ಸುತ್ತಲಿದ್ದವರ ಮುಖ ನೋಡಿದ. ಯಾರೂ ನಗಲಿಲ್ಲ. ಹೆಂಡತಿ ಒಳಗಿನಿಂದ ಎಂಜಿನ್ನನ್ನು ತಂದು ಗಂಡನ ಕೈಯಲ್ಲಿಟ್ಟಳು. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾವನ ಪಕ್ಕ ಕೂತರು. ವ್ಯಾನು ಹೊರಟಿತು. ರಸ್ತೆಯ ಹಳ್ಳಕ್ಕೆ ಬಿದ್ದಾಗಲೆಲ್ಲ ಅವರ ಜೇಬಿನೊಳಗೆ ಚಕ್ರಗಳು ಸದ್ದು ಮಾಡುತ್ತಿದ್ದವು.